ಅತಿಥಿಗಳಿಗೆ ಜಾಗ: ವಾದ್ಯವೃಂದದ ಮುಂದೆ ಸ್ಯಾಕ್ಸೋಫೋನ್ ಮತ್ತು ಸೊಪ್ರಾನೊ

(ಪಾಶ್ಚಾತ್ಯ ಸಂಗೀತವನ್ನು ಹೊಸದಾಗಿ ಕೇಳತೊಡಗಿದವರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಹೃದಯರೇ,

ಕರ್ನಾಟಕ ಸಂಗೀತದ ಕಚೇರಿಗಳನ್ನು ಕೇಳುತ್ತ ಬೆಳೆದವರಿಗೆ, ವೇದಿಕೆಯ ನಡುವೆ ಕುಳಿತವರು ಯಾರೋ ಕಚೇರಿ ಅವರದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಪಿಟೀಲು ಅವರನ್ನು ಹಿಂಬಾಲಿಸುತ್ತದೆ, ಮೃದಂಗ ಅವರ ನಡೆಯನ್ನು ನೋಡಿಕೊಂಡು ನುಡಿಯುತ್ತದೆ, ತಂಬೂರಿ ಎಲ್ಲರಿಗೂ ಆಧಾರವಾಗಿರುತ್ತದೆ. ಪಾಶ್ಚಾತ್ಯ ವಾದ್ಯವೃಂದದ ಕಚೇರಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಎಪ್ಪತ್ತು ಎಂಬತ್ತು ಮಂದಿ ಮೊದಲೇ ತಮ್ಮ ತಮ್ಮ ಜಾಗ ಹಿಡಿದು ಕುಳಿತಿರುತ್ತಾರೆ. ಅವರು ಯಾರ ಪಕ್ಕವಾದ್ಯದವರೂ ಅಲ್ಲ; ಬೇರೆ ಯಾರೂ ಬರದಿದ್ದರೂ ಇಡೀ ಸಂಜೆಯನ್ನು ತುಂಬಿಕೊಡಬಲ್ಲವರು. ಅಂಥವರ ಮುಂದೆ ಬಂದು ನಿಂತು, ಮೈಕಿನ ನೆರವಿಲ್ಲದೆ, ಒಬ್ಬರೇ ಊದಬೇಕು ಅಥವಾ ಹಾಡಬೇಕು.

ಆ ಒಬ್ಬರ ದನಿ ಸಭಾಂಗಣದ ಕೊನೆಯ ಸಾಲಿನವರೆಗೂ ಹೇಗೆ ತಲುಪುತ್ತದೆ ಎಂದು ಕೇಳಿದರೆ, ಸಾಧಾರಣವಾಗಿ ಸಿಗುವ ಉತ್ತರ ಅವರ ಸಾಧನೆ, ಅವರ ಉಸಿರಿನ ಬಲ ಎಂಬುದು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಉಳಿದರ್ಧ ಇರುವುದು ವಾದ್ಯವೃಂದ ಯಾವುದನ್ನು ನುಡಿಸದೆ ಬಿಡುತ್ತದೆ, ಎಲ್ಲಿ ತಗ್ಗುತ್ತದೆ, ಯಾವ ವಾದ್ಯಗಳನ್ನು ಸುಮ್ಮನಿರಿಸುತ್ತದೆ ಎಂಬುದರಲ್ಲಿ. ಅಂದರೆ ಸಂಗೀತ ರಚಿಸಿದವನು ಅತಿಥಿಗೆ ಮೊದಲೇ ಜಾಗ ಮಾಡಿಟ್ಟಿರುತ್ತಾನೆ. ಒಂದೇ ಕಚೇರಿಗೆ ಸ್ಯಾಕ್ಸೋಫೋನ್ ವಾದಕರನ್ನೂ ಸೊಪ್ರಾನೊ ಗಾಯಕಿಯನ್ನೂ ಕರೆಸಿದಾಗ ಈ ಏರ್ಪಾಡು ಎದ್ದು ಕಾಣುತ್ತದೆ, ಏಕೆಂದರೆ ಇಬ್ಬರಿಗೂ ಬೇಕಾಗುವ ಜಾಗ ಬೇರೆ ಬೇರೆ.

ಮೊದಲು ಸ್ಯಾಕ್ಸೋಫೋನಿನ ವಿಚಾರ. ಬೆಲ್ಜಿಯಮ್ಮಿನ ದಿನಾಂ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಪ್ಯಾರಿಸ್ಸಿಗೆ ಬಂದು ನೆಲೆಸಿ, 1846ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ಒಡಲು ಹಿತ್ತಾಳೆಯದು, ಬಾಯಿಗೆ ಇಟ್ಟುಕೊಳ್ಳುವ ಭಾಗದಲ್ಲಿ ಕ್ಲಾರಿನೆಟ್ಟಿನಂತೆ ಬಿದಿರನ್ನು ಹೋಲುವ ಹುಲ್ಲಿನಿಂದ ಕೊಯ್ದ ಒಂದೇ ಒಂದು ರೀಡ್. ನಾಗಸ್ವರದ ಸೀವಾಳಿಯಲ್ಲಿ ಎರಡು ಪದರಗಳು ಒಂದಕ್ಕೊಂದು ಬಡಿದು ದನಿ ಹುಟ್ಟಿದರೆ, ಇಲ್ಲಿ ಒಂದೇ ಪದರ ತುದಿಯ ಅಂಚಿಗೆ ಬಡಿಯುತ್ತದೆ. ಕ್ಲಾರಿನೆಟ್ಟಿನ ಕೊಳವೆ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಗಲ. ಸ್ಯಾಕ್ಸೋಫೋನಿನದು ಬಾಯಿಂದ ತುದಿಯವರೆಗೆ ಅಗಲವಾಗುತ್ತ ಹೋಗುವ ಶಂಕುವಿನಾಕಾರ. ಈ ಒಂದು ವ್ಯತ್ಯಾಸದಿಂದ ಸ್ಯಾಕ್ಸೋಫೋನಿನಲ್ಲಿ ಅದೇ ಬೆರಳಿನ ಹಿಡಿತದಲ್ಲಿ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ, ಅದರ ದನಿಯೂ ಹೆಚ್ಚು ತುಂಬಿಕೊಂಡಿರುತ್ತದೆ.

ಈ ತುಂಬು ದನಿಯೇ ಅದಕ್ಕೆ ತೊಡಕೂ ಆಯಿತು ಎಂದು ನನ್ನ ಅನಿಸಿಕೆ. ಅದು ಮರದ ವಾದ್ಯಗಳ ನಡುವೆ ಕುಳಿತರೆ ಹಿತ್ತಾಳೆಯ ವಾದ್ಯದಂತೆ, ಹಿತ್ತಾಳೆಯವುಗಳ ನಡುವೆ ಕುಳಿತರೆ ಮರದ ವಾದ್ಯದಂತೆ ಕೇಳುತ್ತದೆ. ಬೆರ್ಲಿಯೋಜ್ ಎಂಬ ಫ್ರೆಂಚ್ ಸಂಗೀತಗಾರ 1842ರಲ್ಲೇ ಪತ್ರಿಕೆಯಲ್ಲಿ ಈ ಹೊಸ ವಾದ್ಯವನ್ನು ಹೊಗಳಿ ಬರೆದ. ಆದರೆ ತನ್ನ ದೊಡ್ಡ ಕೃತಿಗಳಲ್ಲಿ ಅದಕ್ಕೆ ಒಂದು ಕುರ್ಚಿ ಹಾಕಿಕೊಡಲಿಲ್ಲ. ವಾದ್ಯವೃಂದದ ಪಟ್ಟಿ ಆ ಹೊತ್ತಿಗೆ ಬಹುಮಟ್ಟಿಗೆ ಗಟ್ಟಿಯಾಗಿಬಿಟ್ಟಿತ್ತು. ಸ್ಯಾಕ್ಸ್‌ಗೆ ಬೇಡಿಕೆ ಸಿಕ್ಕಿದ್ದು ಫ್ರೆಂಚ್ ಸೇನೆಯ ಬ್ಯಾಂಡುಗಳಲ್ಲಿ. ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದಲ್ಲಿ 1857ರಿಂದ ಅವನೇ ಸೈನಿಕ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ. 1870ರಲ್ಲಿ ಆ ತರಗತಿ ಮುಚ್ಚಿತು. ಮತ್ತೆ ಅಲ್ಲಿ ಸ್ಯಾಕ್ಸೋಫೋನ್ ಕಲಿಸಲು ಮಾರ್ಸೆಲ್ ಮ್ಯೂಲ್ ನೇಮಕಗೊಂಡದ್ದು 1942ರಲ್ಲಿ. ನಡುವಿನ ಎಪ್ಪತ್ತು ವರ್ಷಗಳಲ್ಲಿ ಈ ವಾದ್ಯ ಅಟ್ಲಾಂಟಿಕ್ ದಾಟಿ ಜಾಜ್ ಸಂಗೀತದಲ್ಲಿ ತನ್ನ ಮನೆ ಮಾಡಿಕೊಂಡಾಗಿತ್ತು. ಹೀಗಾಗಿ ಸ್ಯಾಕ್ಸೋಫೋನ್ ವಾದಕರು ಅದೇ ಊರಿನವರಾಗಿದ್ದರೂ ವಾದ್ಯವೃಂದದ ಮಟ್ಟಿಗೆ ಅತಿಥಿಗಳೇ. ಖಾಯಂ ಹುದ್ದೆ ಎಂಬುದು ಅವರಿಗೆ ಅಲ್ಲಿ ಇಲ್ಲ.

ಅಂಥ ಅತಿಥಿಗೆ ಕೃತಿ ಬರೆಸುವುದು ಸುಲಭವಿರಲಿಲ್ಲ. ಬೋಸ್ಟನ್ನಿನ ಎಲಿಸ್ ಹಾಲ್ ಎಂಬ ಸಿರಿವಂತ ಮಹಿಳೆ ಸ್ವತಃ ಸ್ಯಾಕ್ಸೋಫೋನ್ ಕಲಿತು, ಫ್ರೆಂಚ್ ಸಂಗೀತಗಾರರಿಗೆ ಹಣ ಕೊಟ್ಟು ಕೃತಿಗಳನ್ನು ಬರೆಸಿದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ದೆಬುಸ್ಸಿಗೂ ಕೇಳಿದರು. ದೆಬುಸ್ಸಿ ಹಣ ಪಡೆದ, ಕೆಲಸವನ್ನು ಮುಂದೂಡುತ್ತಲೇ ಹೋದ. ಕೊನೆಗೆ ಬರೆದುಕೊಟ್ಟದ್ದೂ ಕರಡಿನ ರೂಪದಲ್ಲಿ. ಅವನು 1918ರಲ್ಲಿ ತೀರಿಕೊಂಡ ಮೇಲೆ ಗೆಳೆಯ ರೋಜೆ-ಡ್ಯುಕಾಸ್ ಅದನ್ನು ಪೂರ್ತಿ ವಾದ್ಯವೃಂದಕ್ಕೆ ಹೊಂದಿಸಿ, 1919ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರಯೋಗವಾಯಿತು. ಅಂದು ಊದಿದವರು ಎಲಿಸ್ ಹಾಲ್ ಅಲ್ಲ. ಆ ಕೃತಿಯನ್ನು ಕೇಳಿದರೆ ಸ್ಯಾಕ್ಸೋಫೋನ್ ಮುಂದೆ ಬಂದು ನಿಂತಂತೆ ಅನಿಸುವುದಿಲ್ಲ, ಉಳಿದ ಬಣ್ಣಗಳ ನಡುವೆ ಆಗಾಗ ತೇಲಿ ಮರೆಯಾಗುತ್ತದೆ. ಹಣ ಕೊಟ್ಟವರಿಗೆ ಇದರಿಂದ ತೃಪ್ತಿಯಾಗುವುದು ಕಷ್ಟವೇ. ಕೃತಿ ಮಾತ್ರ ಚೆಲುವಾಗಿದೆ.

ಗ್ಲಾಜುನೋವ್ ಆರಿಸಿಕೊಂಡ ದಾರಿ ಇದಕ್ಕೆ ನೇರ ವಿರುದ್ಧವಾದದ್ದು, ಇಂದಿನ ನಮ್ಮ ಚರ್ಚೆಗೆ ಅದೇ ಹೆಚ್ಚು ಉಪಯುಕ್ತ. ರಷ್ಯಾದ ಈ ಹಿರಿಯ ಸಂಗೀತಗಾರ 1928ರಲ್ಲಿ ದೇಶ ಬಿಟ್ಟು ಪ್ಯಾರಿಸ್ಸಿನಲ್ಲಿ ನೆಲೆಸಿದ್ದ. ಸಿಗುರ್ಡ್ ರಾಷೆರ್ ಎಂಬ ಜರ್ಮನ್ ಸ್ಯಾಕ್ಸೋಫೋನ್ ವಾದಕ, ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿಯಿಂದ ಹೊರಬಿದ್ದು ಡೆನ್ಮಾರ್ಕ್ ಸೇರಿದ್ದವನು, ತನಗೊಂದು ಕನ್ಸರ್ಟೊ, ಎಂದರೆ ಏಕವಾದಕನನ್ನು ಮುಂದಿಟ್ಟು ವಾದ್ಯವೃಂದ ನುಡಿಸುವ ಕೃತಿ, ಬರೆದುಕೊಡಿ ಎಂದು ಗ್ಲಾಜುನೋವ್‌ನ ಬೆನ್ನು ಬಿದ್ದ. ಅದು ವಿನಂತಿಗಿಂತ ದಾಳಿಯಂತೆಯೇ ಇತ್ತು ಎಂಬ ಧಾಟಿಯಲ್ಲಿ ಗ್ಲಾಜುನೋವ್ ಗೆಳೆಯನಿಗೆ ತಮಾಷೆಯಾಗಿ ಬರೆದದ್ದುಂಟು. ಹೀಗೆ ಹುಟ್ಟಿದ ಕೃತಿಯ ಮೊದಲ ಪ್ರಯೋಗ 1934ರ ನವೆಂಬರ್ 25ರಂದು ಸ್ವೀಡನ್ನಿನ ನ್ಯುಶೋಪಿಂಗ್ ಊರಿನಲ್ಲಿ ನಡೆಯಿತು.

ಈ ಕನ್ಸರ್ಟೊದಲ್ಲಿ ಗ್ಲಾಜುನೋವ್ ಮಾಡಿದ ಮೊದಲ ಕೆಲಸವೆಂದರೆ ಓಬೋ, ಕ್ಲಾರಿನೆಟ್, ಹಾರ್ನ್, ಟ್ರಂಪೆಟ್, ನಗಾರಿ ಎಲ್ಲವನ್ನೂ ಹೊರಗಿಟ್ಟದ್ದು. ವೇದಿಕೆಯ ಮೇಲೆ ಉಳಿಯುವುದು ತಂತಿವಾದ್ಯಗಳು ಮಾತ್ರ: ಪಿಟೀಲು, ವಯೋಲಾ, ಚೆಲೊ, ಡಬಲ್ ಬೇಸ್. ಉಸಿರಿನಿಂದ ನುಡಿಯುವ ವಾದ್ಯ ಅಲ್ಲಿ ಒಂದೇ ಒಂದು. ಹೀಗಾದ್ದರಿಂದ ಸ್ಯಾಕ್ಸೋಫೋನ್ ತನ್ನನ್ನು ತೋರಿಸಿಕೊಳ್ಳಲು ಕೂಗಬೇಕಾಗಿಲ್ಲ. ಅತಿ ಮೆಲ್ಲಗೆ ಊದಿದರೂ ಅದರ ಬಣ್ಣ ಬೇರೆಯಾಗಿಯೇ ಕೇಳುತ್ತದೆ. ಇಲ್ಲಿ ನುಡಿಯುವ ಆಲ್ಟೊ, ಎಂದರೆ ನಡುಸ್ಥಾಯಿಯ, ಸ್ಯಾಕ್ಸೋಫೋನಿನ ಹರವು ವಯೋಲಾದ ಹರವಿಗೆ ಬಹಳ ಹತ್ತಿರ, ಆದ್ದರಿಂದ ತಂತಿಗಳ ಹೆಣಿಗೆಯ ನಡುವಿನಿಂದಲೇ ಎದ್ದು ಬಂದಂತೆ ಕೇಳುವ ಕಡೆಗಳೂ ಇವೆ. ಸುಮಾರು ಹದಿನಾಲ್ಕು ನಿಮಿಷ, ಎಲ್ಲಿಯೂ ನಿಲ್ಲದೆ ಒಂದೇ ಓಟದಲ್ಲಿ ಸಾಗುವ ಕೃತಿ. ಮೊದಲಿಗೆ ತಂತಿವಾದ್ಯಗಳು ಗಂಭೀರವಾಗಿ ವಿಷಯವನ್ನು ಹೇಳುತ್ತವೆ, ಅನಂತರ ಸ್ಯಾಕ್ಸೋಫೋನ್ ಅದನ್ನು ಎತ್ತಿಕೊಳ್ಳುತ್ತದೆ. ನಡುವೆ ವಾದ್ಯವೃಂದ ಪೂರ್ತಿ ಮೌನವಾಗಿ ಏಕವಾದಕನೊಬ್ಬನೇ ನುಡಿಸುವ ಭಾಗವಿದೆ. ಅದಾದ ಮೇಲೆ ಒಂದೇ ಸ್ವರಪಂಕ್ತಿಯನ್ನು ವಾದ್ಯಗಳು ಒಂದರ ಬೆನ್ನಿಗೊಂದು ಹಿಡಿದು ಹೊರಡುವ ಚುರುಕಾದ ಭಾಗ ಬರುತ್ತದೆ. ಅಲ್ಲಿ ಅತಿಥಿ ಎಂಬ ಹೆಚ್ಚುಗಾರಿಕೆ ಬಿಟ್ಟು ಸ್ಯಾಕ್ಸೋಫೋನ್ ಸಾಲಿನಲ್ಲಿ ಒಬ್ಬನಾಗಿ ಓಡಬೇಕು. ಕೇಳುವಾಗ ಈ ತಿರುವನ್ನು ತಪ್ಪಿಸಿಕೊಳ್ಳಬೇಡಿ.

ವಾದ್ಯವೃಂದದ ಒಳಗಿನಿಂದಲೇ ಸ್ಯಾಕ್ಸೋಫೋನಿಗೆ ನಾಲ್ಕು ಸಾಲು ಕೊಟ್ಟವರೂ ಇದ್ದಾರೆ, ಅವರನ್ನು ಬೇಗನೆ ನೋಡಿಬಿಡೋಣ. ಬಿಜೆ 1872ರಲ್ಲಿ ನಾಟಕವೊಂದಕ್ಕೆ ಸಂಗೀತ ಬರೆದಾಗ ಮುಗ್ಧ ಹುಡುಗನ ಪಾತ್ರಕ್ಕೆ ಸೇರಿದ ಧಾಟಿಯನ್ನು ಆಲ್ಟೊ ಸ್ಯಾಕ್ಸೋಫೋನಿಗೆ ಒಪ್ಪಿಸಿದ. ಮುಸ್ಸೋರ್ಗ್‌ಸ್ಕಿಯ ಪಿಯಾನೊ ಕೃತಿಯೊಂದನ್ನು 1922ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿದ ರವೆಲ್, ಹಳೆಯ ಕೋಟೆಯ ಮುಂದೆ ಹಾಡುಗಾರನೊಬ್ಬ ನಿಂತು ಹಾಡುವ ಭಾಗ ಬಂದಾಗ ಆ ಹಾಡನ್ನು ಇದೇ ವಾದ್ಯದ ಬಾಯಲ್ಲಿಟ್ಟ. ರಖ್ಮನಿನೋವ್ 1940ರಲ್ಲಿ ಬರೆದ ತನ್ನ ಕೊನೆಯ ದೊಡ್ಡ ಕೃತಿಯಲ್ಲಿ ಇದಕ್ಕೊಂದು ದೀರ್ಘವಾದ ಧಾಟಿ ಕೊಟ್ಟ, ಆ ಹೊತ್ತಿನಲ್ಲಿ ತಂತಿವಾದ್ಯಗಳನ್ನೆಲ್ಲ ಸುಮ್ಮನಿರಿಸಿ ಓಬೋ, ಕ್ಲಾರಿನೆಟ್ಟುಗಳಂಥ ಮರದ ವಾದ್ಯಗಳಷ್ಟನ್ನೇ ಸುತ್ತ ಇರಿಸಿದ. ಈ ಮೂವರೂ ಅದನ್ನು ಬಳಸಿಕೊಂಡದ್ದು ಮನುಷ್ಯನ ಕಂಠಕ್ಕೆ ಬದಲಾಗಿ ಎಂಬುದನ್ನು ಗಮನಿಸಬೇಕು.

ಇನ್ನು ನಿಜವಾದ ಕಂಠದ ಮಾತು. ಹೆಣ್ಣು ದನಿಗಳಲ್ಲಿ ಅತ್ಯಂತ ಮೇಲಿನ ಸ್ಥಾಯಿಯದು ಸೊಪ್ರಾನೊ. ಪಿಯಾನೊದ ನಡುವಿನ 'ಸಿ' ಸ್ವರದಿಂದ ಎರಡು ಸ್ಥಾಯಿ ಮೇಲಿನವರೆಗೆ, ಎಂದರೆ ಸೆಕೆಂಡಿಗೆ ಸುಮಾರು 260ರಿಂದ 1,050 ಕಂಪನಗಳವರೆಗೆ, ಅದರ ಸಾಮಾನ್ಯ ಹರವು. ವಾದ್ಯವೃಂದದ ಒಟ್ಟು ದನಿಯಲ್ಲಿ ಬಲ ಹೆಚ್ಚಾಗಿ ತುಂಬಿರುವುದು 500 ಕಂಪನಗಳ ಆಸುಪಾಸಿನಲ್ಲಿ. ಅಲ್ಲಿಂದ ಮೇಲೆ ಹೋದಂತೆ ಅದು ತೆಳುವಾಗುತ್ತದೆ. ಪುರುಷ ಗಾಯಕರು ಗಂಟಲಿನ ಕೆಳಭಾಗವನ್ನು ಹದಗೊಳಿಸಿ 3,000 ಕಂಪನಗಳ ಸುತ್ತ ಹೊಳಪು ತಂದುಕೊಂಡು ಆ ತೆಳುವಾದ ಕಡೆಯಿಂದ ನುಸುಳಿ ಬರುತ್ತಾರೆ. ಸೊಪ್ರಾನೊ ತಾರಸ್ಥಾಯಿಯಲ್ಲಿ ಬೇರೆ ಉಪಾಯ ಮಾಡುತ್ತಾಳೆ: ಸ್ವರ ಮೇಲೇರಿದಂತೆ ದವಡೆಯನ್ನು ಹೆಚ್ಚು ಹೆಚ್ಚು ತೆರೆದು, ಬಾಯಿಯ ಒಳಗಿನ ಅನುರಣನವನ್ನು ಹಾಡುತ್ತಿರುವ ಸ್ವರಕ್ಕೇ ಸರಿಹೊಂದಿಸುತ್ತಾಳೆ. ಹೀಗೆ ಮಾಡಿದಾಗ ಅದೇ ಉಸಿರಿಗೆ ದನಿ ಎಷ್ಟೋ ಪಟ್ಟು ದೊಡ್ಡದಾಗುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಅಕ್ಷರ. ಇಕಾರ, ಉಕಾರಗಳಿಗೆ ಬಾಯಿ ಕಿರಿದಾಗಿರಬೇಕು. ಅಷ್ಟು ಮೇಲಿನ ಸ್ವರದಲ್ಲಿ ಬಾಯಿ ಕಿರಿದಾಗಿಸಿದರೆ ದನಿ ಸೊರಗುತ್ತದೆ. ಆದ್ದರಿಂದ ತಾರಸ್ಥಾಯಿಯ ತುದಿಯಲ್ಲಿ ಎಲ್ಲ ಸ್ವರಾಕ್ಷರಗಳೂ ಅಕಾರದ ಕಡೆಗೆ ವಾಲುತ್ತವೆ. ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕೆಂದು ಹಟ ಹಿಡಿಯುವ ನಮ್ಮ ಕಿವಿಗಳಿಗೆ ಇದು ಉಚ್ಚಾರಣೆಯ ದೋಷದಂತೆ ತೋರುವುದು ಸಹಜ. ಹಾಡು ಜರ್ಮನ್ ಭಾಷೆಯದಾದರೆ ಜರ್ಮನ್ ಬಲ್ಲವರಿಗೂ ಅಲ್ಲಿ ಪದ ಹಿಡಿಯುವುದು ಕಷ್ಟ. ಅದಕ್ಕಾಗಿಯೇ ಸಭಾಂಗಣದಲ್ಲಿ ಹಾಡಿನ ಪಠ್ಯವನ್ನು ಅಚ್ಚುಹಾಕಿ ಹಂಚುತ್ತಾರೆ. ಓದಿಕೊಂಡೇ ಒಳಗೆ ಹೋಗಿ.

ಸೊಪ್ರಾನೊಗೆ ವಾದ್ಯವೃಂದ ಜಾಗ ಬಿಡುವ ಬಗೆಗೆ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು' ಕೃತಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಸ್ಟ್ರಾಸ್ 1948ರಲ್ಲಿ, ತನ್ನ 84ನೆಯ ವಯಸ್ಸಿನ ಆಸುಪಾಸಿನಲ್ಲಿ, ಸ್ವಿಟ್ಜರ್ಲೆಂಡಿನಲ್ಲಿದ್ದಾಗ ಇವನ್ನು ಬರೆದ; ಮೂರರ ಸಾಹಿತ್ಯ ಹೆಸ್ಸೆಯದು, ಒಂದು ಐಖೆನ್‌ಡಾರ್ಫ್‌ನದು. ಒಟ್ಟಿಗೆ ಈ ಹೆಸರು ಕೊಟ್ಟವನು ಅವನಲ್ಲ, ಪ್ರಕಾಶಕ. ಗ್ಲಾಜುನೋವ್‌ನಂತೆ ಸ್ಟ್ರಾಸ್ ಯಾರನ್ನೂ ಹೊರಗಿಡುವುದಿಲ್ಲ. ನಾಲ್ಕು ಹಾರ್ನುಗಳು, ಟ್ರಂಪೆಟ್ಟು, ಟ್ರೊಂಬೋನು, ಟ್ಯೂಬಾ, ಹಾರ್ಪ್ ಎಲ್ಲವೂ ಇವೆ. ಆದರೆ ಹಾಡುಗಾರ್ತಿ ಹಾಡುತ್ತಿರುವಾಗ ಈ ದೊಡ್ಡ ಬಳಗ ಬಹುಪಾಲು ಹೊತ್ತು ಅವಳ ಕೆಳಗಿನ ಸ್ಥಾಯಿಯಲ್ಲಿ ಹರಡಿಕೊಂಡಿರುತ್ತದೆ, ಹೇಳಬೇಕಾದ ದೊಡ್ಡ ಮಾತುಗಳನ್ನು ಅವಳು ಉಸಿರು ತೆಗೆದುಕೊಳ್ಳುವ ಎಡೆಗಳಿಗೆ ಮೀಸಲಿಡುತ್ತದೆ.

ಮಲಗಲು ಹೊರಡುವ ಹೊತ್ತಿನ ಹಾಡಿನಲ್ಲಿ ಎರಡನೆಯ ಚರಣ ಮುಗಿದ ಮೇಲೆ ಗಾಯಕಿ ಸುಮ್ಮನಾಗುತ್ತಾಳೆ, ಒಂದೇ ಪಿಟೀಲು ನೀಳವಾಗಿ ನುಡಿಯುತ್ತದೆ. ಅದು ಮುಗಿಯುತ್ತಿದ್ದಂತೆ ಅವಳು ಅದೇ ಧಾಟಿಯನ್ನು ಎತ್ತಿಕೊಂಡು ಮೂರನೆಯ ಚರಣವನ್ನು ಹಾಡುತ್ತಾಳೆ. 'ಸೆಪ್ಟೆಂಬರ್' ಎಂಬ ಹಾಡಿನ ಕೊನೆಯ ಮಾತು ಹಾರ್ನಿನದು. ಸ್ಟ್ರಾಸ್‌ನ ತಂದೆ ಹಾರ್ನ್ ವಾದಕ, ಹೆಂಡತಿ ಪಾಲಿನ್ ಸೊಪ್ರಾನೊ ಗಾಯಕಿ ಎಂಬುದನ್ನು ಬಲ್ಲವರಿಗೆ ಆ ಎರಡು ದನಿಗಳ ಸಂಬಂಧ ಬೇರೆಯೇ ಆಗಿ ಕೇಳುತ್ತದೆ. ಸಂಜೆಗೆಂಪಿನ ಹಾಡಿನಲ್ಲಂತೂ ವಾದ್ಯವೃಂದ ಬಹಳ ಹೊತ್ತು ತುಂಬುದನಿಯಲ್ಲಿ ನುಡಿದ ಮೇಲೇ ಅವಳ ಪ್ರವೇಶ. ಸಾಹಿತ್ಯದಲ್ಲಿ ಎರಡು ಬಾನಾಡಿಗಳ ಮಾತು ಬಂದಲ್ಲಿ ಕೊಳಲುಗಳು ಕಂಪಿಸುತ್ತವೆ. 'ಇದೇ ಸಾವಿರಬಹುದೇ' ಎಂಬರ್ಥದ ಕೊನೆಯ ಸಾಲನ್ನು ಅವಳು ಹಾಡಿ ಮುಗಿಸಿದಾಗ, ಸ್ಟ್ರಾಸ್ ಸುಮಾರು ಅರವತ್ತು ವರ್ಷಗಳ ಹಿಂದೆ, 1889ರಲ್ಲಿ, ಸಾವಿನ ಕುರಿತೇ ಬರೆದಿದ್ದ ತನ್ನ ವಾದ್ಯಕೃತಿಯೊಂದರ ಪಂಕ್ತಿಯನ್ನು ತಾನೇ ನೆನೆದು ವಾದ್ಯವೃಂದದಲ್ಲಿ ನುಡಿಸುತ್ತಾನೆ. ಅಲ್ಲಿಂದಾಚೆಗೆ ಅವಳಿಗೆ ಹಾಡಲು ಏನೂ ಇಲ್ಲ. ವಾದ್ಯವೃಂದ ಮುಗಿಸುವವರೆಗೂ ವೇದಿಕೆಯ ಮುಂದೆ ಸುಮ್ಮನೆ ನಿಂತಿರಬೇಕು. ಅಷ್ಟು ಹೊತ್ತು ನಿಂತ ನಿಲುವನ್ನು ಕೆಡಿಸಿಕೊಳ್ಳದೆ ಇರುವುದೂ ಒಂದು ವಿದ್ಯೆ. ಹಾಡು ಮುಗಿದೊಡನೆ ತಲೆ ತಗ್ಗಿಸಿ ನೆಲ ನೋಡುವ ಗಾಯಕಿಯರನ್ನು ಕಂಡಿದ್ದೇನೆ, ನನಗೆ ಅದು ಸೇರುವುದಿಲ್ಲ.

ಈ ಹಾಡುಗಳಿಗೂ ಮೈಸೂರಿಗೂ ಇರುವ ನಂಟನ್ನು ಹೇಳದೆ ಮುಂದೆ ಹೋಗಲಾರೆ. ಸ್ಟ್ರಾಸ್ 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಹಾಡುಗಳ ಮೊದಲ ಪ್ರಯೋಗವನ್ನು ಕಾಣಲಿಲ್ಲ. ಅವು ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಸ್ಟ್ರಾಸ್ ಬಯಸಿದ್ದ ನಾರ್ವೆಯ ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ ವಾದ್ಯವೃಂದ. ಈ ಪ್ರಯೋಗ ನಡೆಯುವಂತಾಗಲು 4,800 ಡಾಲರುಗಳ ಖಾತರಿ ನೀಡಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್. ತಾವು ಅಲ್ಲಿಗೆ ಹೋಗಲಾಗದಿದ್ದರೂ ಅಂದಿನ ಹಾಡನ್ನು ಧ್ವನಿಮುದ್ರಿಸಿ ತಮ್ಮ ಸಂಗ್ರಹಕ್ಕೆ ಕಳುಹಿಸಬೇಕೆಂಬುದು ಅವರ ಅಪೇಕ್ಷೆಯಾಗಿತ್ತು. ಆ ಸಂಗ್ರಹದಲ್ಲಿ ಆ ವೇಳೆಗೆ ಸುಮಾರು 20,000 ರೆಕಾರ್ಡುಗಳಿದ್ದವು ಎಂಬ ಅಂದಾಜಿದೆ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರೂ ಅವರೇ, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರೂ ಅವರೇ. ಆ ಧ್ವನಿಮುದ್ರಣ ಇಂದಿಗೂ ಕೇಳಸಿಗುತ್ತದೆ. ಸದ್ದು ಒರಟಾಗಿದೆ, ಆದರೂ ಆ ದನಿಯ ಗಾತ್ರ ಮರೆಯಾಗುವುದಿಲ್ಲ.

ಸ್ಯಾಕ್ಸೋಫೋನಿನ ಕಡೆಯಿಂದಲೂ ಅರಮನೆಯ ದಾರಿ ಅದೇ ಸಭಾಂಗಣಕ್ಕೆ ಹೋಗುತ್ತದೆ. ದಕ್ಷಿಣ ಕನ್ನಡದ ನಾಗಸ್ವರ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತರೆಂಬುದು ಎಲ್ಲರೂ ಬಲ್ಲ ಸಂಗತಿ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಮುಂದೆ ಚೆನ್ನೈನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಬಿಡಿಬಿಡಿ ಸ್ವರಗಳಿಗೆಂದು ಕಟ್ಟಿದ ಕೀಲಿಗಳ ವಾದ್ಯದಲ್ಲಿ ಗಮಕವನ್ನು ಹೊರಡಿಸಿದರು. 1994ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2019ರಲ್ಲಿ ತೀರಿಕೊಂಡ ಅವರ ಕಚೇರಿಗಳಲ್ಲಿ ಸ್ಯಾಕ್ಸೋಫೋನ್ ಅತಿಥಿಯಾಗಿರಲಿಲ್ಲ, ವೇದಿಕೆಯ ಒಡೆಯನಾಗಿತ್ತು. ಪಕ್ಕದಲ್ಲಿ ಪಿಟೀಲು, ಮೃದಂಗ. ಎಂಬತ್ತು ಜನರ ವಾದ್ಯವೃಂದ ಅದಕ್ಕೆ ಖಾಯಂ ಕುರ್ಚಿ ಕೊಡದಿದ್ದರೂ ನಮ್ಮ ಕರಾವಳಿಯ ಮದುವೆ, ದೇವಸ್ಥಾನಗಳು ಕೊಟ್ಟವು.

ಇಬ್ಬರು ಅತಿಥಿಗಳೂ ಒಂದೇ ಕೃತಿಯಲ್ಲಿ ಸೇರುವುದು ವಿರಳ. ಸೇರಿದ ಒಂದು ಪ್ರಸಂಗ, ಗ್ಲಾಜುನೋವ್ ಕನ್ಸರ್ಟೊದ ಮೊದಲ ಪ್ರಯೋಗವಾದ ಐದೇ ದಿನಕ್ಕೆ, 1934ರ ನವೆಂಬರ್ 30ರಂದು ಬರ್ಲಿನ್ನಿನಲ್ಲಿ ನಡೆಯಿತು. ಆಲ್ಬನ್ ಬೆರ್ಗ್ ತಾನು ಬರೆಯುತ್ತಿದ್ದ 'ಲುಲು' ಎಂಬ ಸಂಗೀತ ನಾಟಕದಿಂದ ಆಯ್ದ ಐದು ಭಾಗಗಳನ್ನು ಎರಿಕ್ ಕ್ಲೈಬರ್ ಅಂದು ನಡೆಸಿಕೊಟ್ಟರು. ನಾಜಿ ಆಡಳಿತಕ್ಕೆ ಆ ಸಂಗೀತವೂ ಸಹ್ಯವಲ್ಲ, ಸ್ಯಾಕ್ಸೋಫೋನೂ ಸಹ್ಯವಲ್ಲ. ಕೆಲವೇ ದಿನಗಳಲ್ಲಿ ಕ್ಲೈಬರ್ ತಮ್ಮ ಹುದ್ದೆಗೆ ರಾಜೀನಾಮೆ ಕೊಟ್ಟರು. 1938ರಲ್ಲಿ ಡುಸೆಲ್ಡಾರ್ಫಿನಲ್ಲಿ 'ಕೆಟ್ಟ ಸಂಗೀತ'ವನ್ನು ಹೀಗಳೆಯಲು ಏರ್ಪಡಿಸಿದ ಪ್ರದರ್ಶನದ ಭಿತ್ತಿಪತ್ರದಲ್ಲಿ ಇದ್ದದ್ದು ಸ್ಯಾಕ್ಸೋಫೋನ್ ಊದುವ ಕಪ್ಪು ವರ್ಣದ ವ್ಯಕ್ತಿಯ ವಿಕಾರ ಚಿತ್ರ. ಬೆರ್ಗ್‌ನ ಕೃತಿಯಲ್ಲಿ ಸೊಪ್ರಾನೊ ಹಾಡುವುದು ಸ್ವಲ್ಪವೇ ಹೊತ್ತು. ಆಲ್ಟೊ ಸ್ಯಾಕ್ಸೋಫೋನ್ ಮರದ ವಾದ್ಯಗಳ ಜತೆಗೆ ಕುಳಿತಿರುತ್ತದೆ, ಎದ್ದು ಮುಂದೆ ಬರುವುದಿಲ್ಲ, ಆದರೆ ಆ ಇಡೀ ಕೃತಿಯ ಬೆವರು ವಾಸನೆ ಅದರ ದನಿಯಿಂದಲೇ ಬಂದಿದೆ.

ಉಪನ್ಯಾಸ ಮುಗಿದ ಮೇಲೆ ಒಬ್ಬರು, ಇಂಥ ಕಚೇರಿಗೆ ಎಲ್ಲಿ ಕುಳಿತರೆ ಒಳ್ಳೆಯದು, ಮೈಕ್ ಇಟ್ಟರೆ ತಪ್ಪೇನು ಎಂದು ಕೇಳಿದರು. ಎರಡಕ್ಕೂ ಉತ್ತರ ಒಂದೇ ಸಂಗತಿಯಲ್ಲಿದೆ. ಸ್ಯಾಕ್ಸೋಫೋನಿನ ದನಿ ಹೊರಬರುವುದು ಅಗಲವಾದ ಬಾಯಿಂದ ಎಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ತೀರ ಕೆಳಗಿನ ಸ್ವರಗಳನ್ನು ಬಿಟ್ಟರೆ ಉಳಿದವು ಹೆಚ್ಚಾಗಿ ಹೊರಡುವುದು ಒಡಲಿನ ಮೇಲೆ ತೆರೆದಿರುವ ರಂಧ್ರಗಳಿಂದ. ಮದುವೆ ಮಂಟಪಗಳಲ್ಲಿ ಮೈಕನ್ನು ವಾದ್ಯದ ಬಾಯೊಳಗೇ ಸಿಕ್ಕಿಸುತ್ತಾರೆ. ಆಗ ಕೆಳಗಿನ ಸ್ವರ ಗುಡುಗುತ್ತದೆ, ಮೇಲಿನವು ಬಡವಾಗುತ್ತವೆ. ಮೈಕಿಲ್ಲದ ಸಭಾಂಗಣದಲ್ಲಿ ಆ ದನಿ ಸುತ್ತಲೂ ಹರಡುವುದರಿಂದ ವಾದಕರ ಪಕ್ಕದ ಬದಿಯಲ್ಲಿ ಕುಳಿತರೂ ನಷ್ಟವಿಲ್ಲ. ಸೊಪ್ರಾನೊ ಹಾಗಲ್ಲ. ವ್ಯಂಜನಗಳು, ದನಿಯ ಹೊಳಪು ಎಲ್ಲವೂ ಅವಳು ಮುಖ ಮಾಡಿದ ದಿಕ್ಕಿಗೇ ಹೆಚ್ಚಾಗಿ ಹೋಗುತ್ತವೆ. ಕೆಲವು ಸಭಾಂಗಣಗಳಲ್ಲಿ ವಾದ್ಯವೃಂದದ ಬೆನ್ನ ಹಿಂದೆಯೂ ಆಸನಗಳಿರುತ್ತವೆ, ನಿರ್ದೇಶಕರ ಮುಖ ನೋಡುತ್ತ ಕೇಳಬಹುದೆಂದು ಅವನ್ನು ಇಷ್ಟಪಡುವವರಿದ್ದಾರೆ, ದರವೂ ಕಡಿಮೆ. ಗಾಯಕಿ ಇರುವ ದಿನ ಆ ಕಡೆಯ ಟಿಕೆಟ್ ಕೊಳ್ಳಬೇಡಿ. ನಡುವಿನ ಸಾಲುಗಳಲ್ಲಿ, ಸಿಕ್ಕದಿದ್ದರೆ ಎದುರಿನ ಬಾಲ್ಕನಿಯಲ್ಲಿ ಕುಳಿತುಕೊಳ್ಳಿ.